ವೈದ್ಯರನ್ನು ಕೇಳಿ: ಉಸಿರು ಎಣಿಸುವುದು ಹೇಗೆ?

ಪ್ರಶ್ನೆ: ನಿನ್ನೆ ಹುಟ್ಟಿದ ಮಗು ಬೇಗಬೇಗ ಉಸಿರಾಡಿ, ನಡುವೆ ಕೆಲವು ಸೆಕೆಂಡು ಸುಮ್ಮನಾಗುತ್ತದೆ. ಅಂಗೈ, ಅಂಗಾಲು ನೀಲಿಯಾಗಿವೆ. ಹೆದರಬೇಕೇ?

ಉತ್ತರ: ಐದರಿಂದ ಹತ್ತು ಸೆಕೆಂಡು ನಿಂತು ತಾನಾಗಿ ಶುರುವಾಗುವ ಉಸಿರು ಎಳೆಗೂಸುಗಳಲ್ಲಿ ಸಹಜ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಲೆಕ್ಕ ಇಲ್ಲಿ ಕೈಕೊಡುವುದು ಇದರಿಂದಲೇ. ಮಗು ಅಳದಿರುವಾಗ ಬಟ್ಟೆ ಸರಿಸಿ, ಹೊಟ್ಟೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಿ. 30ರಿಂದ 60 ಸರಿ. 60 ದಾಟಿದರೆ ಮತ್ತೊಮ್ಮೆ ಎಣಿಸಿ. ಆಗಲೂ ಅಷ್ಟೇ ಇದ್ದರೆ ತಕ್ಷಣ ಆಸ್ಪತ್ರೆಗೆ ತೋರಿಸಿ.

ಕೈಕಾಲಿನ ನೀಲಿ ಮೊದಲ ಒಂದೆರಡು ದಿನ ಸಾಮಾನ್ಯ. ನಾಲಿಗೆ ನೋಡಿ, ಅದು ನೀಲಿಯಾದರೆ ತುರ್ತು. ಮೂಗಿನ ಹೊಳ್ಳೆ ಅರಳುವುದು, ಪಕ್ಕೆಲುಬಿನ ಕೆಳಗೆ ಗುಳಿಬೀಳುವುದು, ಉಸಿರು ಬಿಡುವಾಗಲೆಲ್ಲ ನರಳುವುದು, ಇವೂ ತುರ್ತೇ. ನರಳಿಕೆಯನ್ನು ಹಸಿವೆಂದುಕೊಂಡು ಹಾಲೂಡಿಸಬೇಡಿ. ಏದುಸಿರಿನಲ್ಲಿ ಹಾಲು ಶ್ವಾಸನಾಳಕ್ಕೆ ಇಳಿಯಬಹುದು. ಉಸಿರು 20 ಸೆಕೆಂಡು ನಿಂತರೆ ಬೆನ್ನುಜ್ಜಿ ಎಚ್ಚರಿಸಿ, ಆಂಬುಲೆನ್ಸ್ ಕರೆಸಿ. ಆಗಲೂ ಉಸಿರಾಡದಿದ್ದರೆ ಮಗುವಿನ ಬಾಯಿ, ಮೂಗು ಎರಡನ್ನೂ ನಿಮ್ಮ ಬಾಯಿಂದ ಮುಚ್ಚಿ, ಎದೆ ಏಳುವಷ್ಟೇ ಮೆಲ್ಲಗೆ ಊದಿ.

ಪ್ರಶ್ನೆ: ತಿಂಗಳು ತುಂಬದೆ ಹುಟ್ಟಿದ ನಮ್ಮ ಮಗು ನರಳುತ್ತಿತ್ತು. ಏಕೆ?

ಉತ್ತರ: ಶ್ವಾಸಕೋಶದ ಗಾಳಿಗೂಡುಗಳು ಕುಸಿಯದಂತೆ ಒಳಗೆ ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನ ಲೇಪವಿರುತ್ತದೆ. 34 ವಾರಕ್ಕೆ ಮೊದಲೇ ಹುಟ್ಟಿದರೆ ಅದು ಸಾಲದೆ ಹೋಗಬಹುದು. ಆಗ ಮಗು ಗಂಟಲು ಬಿಗಿಹಿಡಿದು ಗಾಳಿಯನ್ನು ಒಳಗೇ ತಡೆಯಲು ಹೆಣಗುತ್ತದೆ. ಆ ಸದ್ದೇ ನರಳಿಕೆ. ಸಿಪ್ಯಾಪ್ ಯಂತ್ರ ಮೂಗಿನ ಮೂಲಕ 5–6 ಸೆಂ.ಮೀ. ನೀರಿನಷ್ಟು ಒತ್ತಡ ಕೊಟ್ಟು ಇದೇ ಕೆಲಸವನ್ನು ದಣಿಯದೆ ಮಾಡುತ್ತದೆ. ಸಾಲದಿದ್ದರೆ ಸರ್ಫ್ಯಾಕ್ಟಂಟನ್ನೇ ಶ್ವಾಸನಾಳಕ್ಕೆ ಬಿಡುತ್ತಾರೆ. ಆಮ್ಲಜನಕ ಅತಿಯಾದರೆ ಇಂಥ ಶಿಶುಗಳ ಕಣ್ಣಿನ ರೆಟಿನಾ ಕೆಡುತ್ತದೆ, ಹಾಗಾಗಿ ಆಕ್ಸಿಮೀಟರ್ ಅಂಕಿಯನ್ನು 90–95ರಲ್ಲಿ ಹಿಡಿದಿಡುತ್ತಾರೆ.

ಪ್ರಶ್ನೆ: ನ್ಯುಮೋನಿಯಾ ಆದ ಅಪ್ಪನನ್ನು ವೆಂಟಿಲೇಟರ್ ಹಾಕಿ ಬೋರಲು ಮಲಗಿಸಿದ್ದಾರೆ. ಉಸಿರು ಕಟ್ಟುವುದಿಲ್ಲವೇ?

ಉತ್ತರ: ಇಲ್ಲ, ಗಾಳಿ ಕೊಳವೆಯಿಂದ ಹೋಗುತ್ತದೆ. ಉರಿಯೂತದಿಂದ ರಕ್ತನಾಳ ಸೋರಿ ಗಾಳಿಗೂಡುಗಳಲ್ಲಿ ದ್ರವ ತುಂಬುವ ಈ ಸ್ಥಿತಿಗೆ ಎಆರ್‌ಡಿಎಸ್ ಎನ್ನುತ್ತಾರೆ. ಅಂಗಾತ ಮಲಗಿದಾಗ ಬೆನ್ನ ಕಡೆಯ ಶ್ವಾಸಕೋಶ ಅದುಮಿಹೋಗುತ್ತದೆ, ಬೋರಲಾದರೆ ಬಿಚ್ಚಿಕೊಳ್ಳುತ್ತದೆ. ಕಾಯಿಲೆ ತೀವ್ರವಾಗಿದ್ದರೆ ದಿನಕ್ಕೆ 16 ಗಂಟೆಯವರೆಗೂ ಹೀಗಿಡುವುದುಂಟು. ಪ್ರತಿ ಉಸಿರಿಗೆ ಕೆ.ಜಿ.ಗೆ ಸುಮಾರು 6 ಮಿ.ಲೀ. ಗಾಳಿ ಸಾಕು, ಹೆಚ್ಚು ಊದಿದರೆ ಉಳಿದ ಗೂಡುಗಳೂ ಹರಿಯುತ್ತವೆ. ಆ ಕೆ.ಜಿ. ತಕ್ಕಡಿಯದ್ದಲ್ಲ, ಎತ್ತರದಿಂದ ಲೆಕ್ಕ ಹಾಕಿದ್ದು. ಮೈ ದಪ್ಪಗಾದರೆ ಶ್ವಾಸಕೋಶವೇನೂ ದೊಡ್ಡದಾಗದಲ್ಲ!

ಮನೆಯಲ್ಲಿ ದೊಡ್ಡವರಲ್ಲಿ ಯಾರಿಗಾದರೂ ಉಸಿರು ನಿಮಿಷಕ್ಕೆ 30 ಮುಟ್ಟಿದರೆ, ಒಂದು ವಾಕ್ಯ ಮುಗಿಸಲಾಗದಿದ್ದರೆ ಕೂರಿಸಿಕೊಂಡೇ ಆಸ್ಪತ್ರೆಗೆ ಕರೆದೊಯ್ಯಿರಿ. ಏದುತ್ತಿದ್ದವರು ತೂಕಡಿಸತೊಡಗಿದರೆ ನಿದ್ದೆ ಬಂತೆಂದು ನಿರಾಳವಾಗಬೇಡಿ, ಅದು ಸೋಲುತ್ತಿರುವ ಉಸಿರು.