ಸಣ್ಣ ದ್ವೀಪಗಳ ಸುತ್ತಲಿನ ತಿಳಿನೀರಿನಲ್ಲಿ ಪ್ಲವಕಗಳೇ ಇಲ್ಲವೇ?

ನೀವು ಕೇಳಿರುವುದು ಇಷ್ಟು: ಲಕ್ಷದ್ವೀಪದ ನೀರು ಗಾಜಿನಂತೆ ತಿಳಿಯಾಗಿತ್ತು, ಗೋವಾದ ಗ್ರಾಂಡೆ ದ್ವೀಪದ ಸುತ್ತ ಹಸಿರಾಗಿ ಕದಡಿತ್ತು. ಹಾಗಾದರೆ ಪ್ಲವಕಗಳ, ಅಂದರೆ ನೀರಿನ ಸೆಳೆತಕ್ಕೆ ತೇಲುವ ಸಣ್ಣ ಜೀವಿಗಳ, ಸಂಪತ್ತೆಲ್ಲ ಗೋವಾದ್ದು, ಲಕ್ಷದ್ವೀಪದ ನೀರು ಬರಿದು ಎಂದು ತಿಳಿಯಬಹುದೇ? ಅವನ್ನು ಕಣ್ಣಾರೆ ನೋಡಲು ಸಾಧ್ಯವೇ?

ದಯವಿಟ್ಟು ಹಾಗೆ ತಿಳಿಯಬೇಡಿ. ನಾನು ಅಂಕೋಲೆಯ ಕಡೆಯವನು, ವಾಸ್ಕೋದಲ್ಲಿ ನೆಲೆಸಿ ಇಪ್ಪತ್ತು ವರ್ಷಗಳಾದವು. ಕಡಲಿನಿಂದ ಬಂದ ಮಾದರಿಗಳಲ್ಲಿ ಪ್ಲವಕಗಳನ್ನು ಬೇರ್ಪಡಿಸಿ ಎಣಿಸುವುದೇ ನನ್ನ ಕೆಲಸ. ನಿಮ್ಮ ಪ್ರಶ್ನೆಯಲ್ಲಿ ಎರಡು ಲೆಕ್ಕಗಳು ಕಲೆತುಹೋಗಿವೆ. ಎಷ್ಟಿವೆ ಎಂಬುದು ಒಂದು, ಎಷ್ಟು ಬಗೆಯವಿವೆ ಎಂಬುದು ಇನ್ನೊಂದು.

ಗ್ರಾಂಡೆ ಇರುವುದು ಜುವಾರಿ ನದಿ ಕಡಲು ಸೇರುವ ಜಾಗದ ಹೊರಗೆ. ಮಳೆಗಾಲದಲ್ಲಿ ಜುವಾರಿ, ಮಾಂಡವಿ ಎರಡೂ ಮಣ್ಣನ್ನೂ ಪೋಷಕಾಂಶಗಳನ್ನೂ ತಂದು ಸುರಿಯುತ್ತವೆ. ಅದೇ ಹೊತ್ತಿಗೆ ಪಶ್ಚಿಮ ಕರಾವಳಿಯಲ್ಲಿ ಆಳದ ತಣ್ಣನೆಯ, ನೈಟ್ರೇಟ್ ತುಂಬಿದ ನೀರು ಮೇಲೇರುತ್ತದೆ. ಗಾಜಿನಂಥ ಕವಚದ ಸಸ್ಯಪ್ಲವಕಗಳಾದ ಡಯಾಟಮ್‌ಗಳು ಸೊಕ್ಕಿ ಬೆಳೆಯುತ್ತವೆ. ನಾವು ತಿನ್ನುವ ತಾರ್ಲೆಯ, ಬಂಗುಡೆಯ ಹೊಟ್ಟೆ ತುಂಬುವುದು ಈ ಸುಗ್ಗಿಯಿಂದಲೇ. ಆದರೆ ಸೊಕ್ಕು ಮಿತಿ ಮೀರಿದಾಗ ಒಂದೆರಡು ಜಾತಿಗಳೇ ನೀರನ್ನೆಲ್ಲ ಆಕ್ರಮಿಸಿಬಿಡುತ್ತವೆ. ಸೂಕ್ಷ್ಮದರ್ಶಕದಡಿ ಎಲ್ಲಿ ನೋಡಿದರೂ ಅದೇ ಸರಪಳಿ, ಅದೇ ಗಾಜಿನ ಡಬ್ಬಿ. ಭತ್ತದ ಗದ್ದೆಯಲ್ಲಿ ಹಸಿರು ಹೆಚ್ಚು, ಗಿಡದ ಬಗೆ ಒಂದೇ. ಕದಡಿದ ಹಸಿರು ನೀರು ಎಷ್ಟೋ ಸಲ ಗದ್ದೆ, ಕಾಡಲ್ಲ.

ಇನ್ನು ಲಕ್ಷದ್ವೀಪ. ಅಲ್ಲಿ ನದಿಯಿಲ್ಲ, ಬಿಸಿಲಿಗೆ ಕಾದ ಮೇಲ್ಪದರದಲ್ಲಿ ಪೋಷಕಾಂಶ ಕಡಿಮೆ. ಅಂಥ ನೀರಿನಲ್ಲಿ ಬಾಳುವವರು ತೀರಾ ಸಣ್ಣವರು. ಪ್ರೋಕ್ಲೋರೋಕಾಕಸ್ ಎಂಬ ಜೀವಿಯ ಗಾತ್ರ ಒಂದು ಮೈಕ್ರೋಮೀಟರಿಗಿಂತಲೂ ಕಡಿಮೆ. ಬೆಚ್ಚಗಿನ ತಿಳಿಗಡಲಿನಲ್ಲಿ ಒಂದು ಮಿಲಿಲೀಟರ್ ನೀರಿಗೆ ಒಂದು ಲಕ್ಷದವರೆಗೂ ಇರಬಲ್ಲ ಇದನ್ನು ವಿಜ್ಞಾನ ಗುರುತಿಸಿ ಪ್ರಕಟಿಸಿದ್ದು 1988ರಲ್ಲಿ! ಪ್ರಾಣಿಪ್ಲವಕಗಳಿಗೆಂದು ನಾವು ಎಳೆಯುವ ಬಲೆಯ ಕಣ್ಣು ಸಾಮಾನ್ಯವಾಗಿ 200 ಮೈಕ್ರೋಮೀಟರ್. ಸಸ್ಯಪ್ಲವಕಗಳ ಬಲೆಯದು 20. ಎರಡರಿಂದಲೂ ಅದು ನುಸುಳಿಹೋಗುತ್ತದೆ. ಬಲೆಗೆ ಸಿಗಲಿಲ್ಲ ಎಂದ ಮಾತ್ರಕ್ಕೆ ಇಲ್ಲ ಎನ್ನಲಾಗದು.

ಸುತ್ತಲಿನ ನೀರಿನಲ್ಲಿ ಪ್ಲವಕ ಹೆಚ್ಚಲು ದ್ವೀಪ ಎಂಬುದು ತಾನೇ ಒಂದು ಕಾರಣ. ಹೊಳೆಯ ನಡುವಿನ ಬಂಡೆಯ ಹಿಂದೆ ನೀರು ಸುಳಿಯುವುದನ್ನು ನೋಡಿರುತ್ತೀರಿ. ಕಡಲಿನ ಪ್ರವಾಹವೂ ದ್ವೀಪಕ್ಕೆ ಬಡಿದು ಹೀಗೆಯೇ ಸುಳಿಯುತ್ತದೆ, ಆಳದ ನೀರನ್ನು ಮೇಲಕ್ಕೆ ಎಳೆಯುತ್ತದೆ. ಜೊತೆಗೆ ಹಕ್ಕಿಗಳ ಹಿಕ್ಕೆ, ಹವಳದಿಬ್ಬದ ಜೀವಿಗಳ ವಿಸರ್ಜನೆ, ನೆಲದಡಿಯಿಂದ ಒಸರುವ ನೀರು. ಹವಾಯಿಯಲ್ಲಿ ಇದನ್ನು ಗಮನಿಸಿದ ವಿಜ್ಞಾನಿಗಳಾದ ಡೋಟಿ ಮತ್ತು ಒಗುರಿ 1956ರಲ್ಲಿ ಇದಕ್ಕೊಂದು ಹೆಸರನ್ನೂ ಕೊಟ್ಟರು. ಕನ್ನಡದಲ್ಲಿ ‘ದ್ವೀಪ ಪರಿಣಾಮ’ ಎನ್ನಬಹುದು. ಪೆಸಿಫಿಕ್‌ನ 35 ಹವಳ ದ್ವೀಪಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನ, ಅವುಗಳಲ್ಲಿ ಶೇ. 91ರಷ್ಟರ ಸುತ್ತ ಸಸ್ಯಪ್ಲವಕ ಹೆಚ್ಚಿರುವುದನ್ನು ಕಂಡಿತು. ಅಂದರೆ ಆ ತಿಳಿನೀರು ಕೂಡ ಸುತ್ತಲಿನ ನಡುಗಡಲಿಗೆ ಹೋಲಿಸಿದರೆ ಸಮೃದ್ಧವೇ.

ನಾನು ಮೊದಮೊದಲು ತಪ್ಪು ತಿಳಿದದ್ದು ಹಗಲಿನ ಮಾದರಿಗಳನ್ನಷ್ಟೇ ನೋಡಿ. ಒಮ್ಮೆ ಒಂದು ಹವಳದಿಬ್ಬದ ಹಗಲಿನ ಬಾಟಲಿಯನ್ನೂ ರಾತ್ರಿಯ ಬಾಟಲಿಯನ್ನೂ ಅಕ್ಕಪಕ್ಕದಲ್ಲಿಟ್ಟರು. ಹಗಲಿನದರಲ್ಲಿ ತಳದಲ್ಲೊಂದು ತೆಳು ಬಿಳಿ ಗೆರೆ. ರಾತ್ರಿಯದರಲ್ಲಿ ರವೆಗಂಜಿಯಂತೆ ಅರ್ಧ ಬೆರಳಿನಷ್ಟು ದಪ್ಪದ ಪದರ. ಹಗಲೆಲ್ಲ ಹವಳದ ಬಿರುಕಿನಲ್ಲಿ, ಮರಳಿನಲ್ಲಿ ಅವಿತಿದ್ದ ಜೀವಿಗಳು ಕತ್ತಲಾದ ಮೇಲೆ ಮೇಲೆದ್ದಿದ್ದವು. ಒಂದು ಹನಿಯನ್ನು ತಟ್ಟೆಗೆ ಬಿಟ್ಟೆ. ಸಿಗಡಿಯ ದೂರದ ನೆಂಟರಾದ, ಉದ್ದ ಮೀಸೆಯ ಪುಟ್ಟ ಕೋಪೆಪಾಡ್‌ಗಳು, ಏಡಿಯ ಮುಳ್ಳುಮುಳ್ಳಾದ ಮರಿಗಳು, ಬಸವನಹುಳುವಿನ ಮರಿ, ಗಾಜಿನ ಕಡ್ಡಿಯಂಥ ಬಾಣಹುಳು. ಅದರ ದವಡೆಯ ಕೊಕ್ಕೆಗಳಲ್ಲಿ ಇನ್ನೂ ಒಂದು ಕೋಪೆಪಾಡ್ ಸಿಕ್ಕಿಕೊಂಡಿತ್ತು. ಅಂದು ಆ ಒಂದು ತಟ್ಟೆ ಮುಗಿಸಲು ನನಗೆ ಸಂಜೆಯಾಯಿತು.

ಆದ್ದರಿಂದ ‘ಎಲ್ಲಿ ವೈವಿಧ್ಯ ಹೆಚ್ಚು’ ಎಂದು ಯಾರಾದರೂ ಒಂದೇ ಮಾತಿನಲ್ಲಿ ಹೇಳಿದರೆ, ಯಾವ ತಿಂಗಳು, ಹಗಲೋ ರಾತ್ರಿಯೋ, ಬಲೆಯ ಕಣ್ಣೆಷ್ಟು ಎಂದು ಕೇಳಿ. ಈ ಮೂರಕ್ಕೆ ಉತ್ತರವಿಲ್ಲದ ಹೋಲಿಕೆಯನ್ನು ನಾನು ನಂಬುವುದಿಲ್ಲ.

ಕಣ್ಣಾರೆ ನೋಡುವುದು ಖಂಡಿತ ಸಾಧ್ಯ. ಫೆಬ್ರವರಿಯಿಂದ ಮೇ ನಡುವೆ ಗೋವಾ ಕಡಲಲ್ಲಿ ಕೆಲವೊಮ್ಮೆ ಮರದ ಪುಡಿ ಚೆಲ್ಲಿದಂತೆ ಕಂದು ಪಟ್ಟೆಗಳು ತೇಲುತ್ತವೆ. ಎಲ್ಲ ಸಲವೂ ಅದು ಹಡಗಿನ ಕೊಳೆಯಲ್ಲ. ಗಾಳಿಯ ಸಾರಜನಕವನ್ನು ಹಿಡಿದು ಕಡಲಿಗೆ ಗೊಬ್ಬರವಾಗಿಸುವ ಟ್ರೈಕೋಡೆಸ್ಮಿಯಮ್ ಎಂಬ ಸಸ್ಯಪ್ಲವಕ ಇರಬಹುದು. ಒಂದು ಗಾಜಿನ ಲೋಟದಲ್ಲಿ ಆ ನೀರನ್ನು ಮೊಗೆದು ಬೆಳಕಿಗೆ ಹಿಡಿಯಿರಿ. ಕತ್ತರಿಸಿದ ಸಣ್ಣ ನೂಲಿನ ಕಟ್ಟುಗಳಂತೆ ಕಾಣುತ್ತವೆ. ನೋಡಿ ಆದ ಮೇಲೆ ಕಡಲಿಗೇ ಸುರಿದುಬಿಡಿ.