ಎರೆಮಣ್ಣಿನ ಅಂಗಳಕ್ಕೆ ಯಾವ ಹೈಡ್ರೇಂಜಿಯಾ?

ನಮಸ್ಕಾರ. ಊಟಿಯಲ್ಲಿ ಕಂಡಂಥ ನೀಲಿ ಹೈಡ್ರೇಂಜಿಯಾ ಹೂಗಿಡವನ್ನು ವಿಜಯಪುರದ ನಿಮ್ಮ ಎರೆಮಣ್ಣಿನ ಅಂಗಳದಲ್ಲಿ ಬೆಳೆಸಲು ಯಾವ ತಳಿ ಕೊಳ್ಳಬೇಕೆಂದು ಕೇಳಿದ್ದೀರಿ.

ಆ ನೀಲಿ ಬಣ್ಣಕ್ಕೆ ತಳಿಯಷ್ಟೇ ಮಣ್ಣೂ ಕಾರಣ. ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ; ಕಡಿಮೆಯಾದಷ್ಟೂ ಹುಳಿ ಹೆಚ್ಚು) ಸುಮಾರು 5.5ಕ್ಕಿಂತ ಕಡಿಮೆಯಿದ್ದಾಗ ಬೇರುಗಳು ಅಲ್ಯೂಮಿನಿಯಂ ಹೀರಿಕೊಂಡು ಹೂವು ನೀಲಿಯಾಗುತ್ತದೆ. ಸುಣ್ಣದಂಶವುಳ್ಳ ನಿಮ್ಮ ಎರೆಮಣ್ಣಿನಲ್ಲಿ ಅದೇ ಗಿಡ ಗುಲಾಬಿ ಬಣ್ಣದ ಹೂ ಬಿಡುವುದಲ್ಲದೆ, ಕಬ್ಬಿಣದಂಶ ದಕ್ಕದೆ ಎಲೆಗಳೂ ಹಳದಿಗಟ್ಟುತ್ತವೆ. ಬಿಳಿ ಹೂವಿನ ತಳಿಯಂತೂ ಎಂಥ ಮಣ್ಣಿನಲ್ಲಿಯೂ ನೀಲಿಯಾಗದು.

ಆದ್ದರಿಂದ ನೆಲದಲ್ಲಿ ನೆಡುವ ಆಸೆಯನ್ನು ಬಿಟ್ಟು, ದುಂಡು ಗೊಂಚಲಿನ ಮ್ಯಾಕ್ರೊಫಿಲ್ಲಾ ಜಾತಿಯ ನೀಲಿ ತಳಿಯೊಂದನ್ನು ದೊಡ್ಡ ಕುಂಡದಲ್ಲಿ, ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆಯ ಹುಳಿಗುಣದ ಕೆಂಪು ಮಣ್ಣಿಗೆ ಎಲೆಗೊಬ್ಬರ ಮತ್ತು ತೆಂಗಿನ ನಾರಿನ ಪುಡಿ ಬೆರೆಸಿ ಬೆಳೆಸುವುದು ಲೇಸು. ಬೋರ್‌ವೆಲ್ಲಿನ ಗಡಸು ನೀರು ಕ್ರಮೇಣ ಮಣ್ಣಿನ ಹುಳಿಯನ್ನು ಕಳೆಯುವುದರಿಂದ ಸಾಧ್ಯವಾದಷ್ಟು ಮಳೆನೀರನ್ನೇ ಹಾಕಿರಿ. ಅಲ್ಯೂಮಿನಿಯಂ ಒದಗಲೆಂದು ಆಗಾಗ ಚಿಟಿಕೆ ಪಟಿಕವನ್ನು ನೀರಿನಲ್ಲಿ ಕರಗಿಸಿ ಕೊಡಬಹುದು, ಹೆಚ್ಚಾದರೆ ಬೇರು ಸುಡುತ್ತದೆ.

ಬೆಳಗಿನ ಎಳೆಬಿಸಿಲು ಸಾಕು. ನಿಮ್ಮೂರಿನ ಏಪ್ರಿಲ್ ಮಧ್ಯಾಹ್ನವನ್ನು ಈ ಗಿಡ ನೆರಳಿಲ್ಲದೆ ತಾಳಲಾರದು. ಇದು ಸಾಮಾನ್ಯವಾಗಿ ಹಳೆಯ ಕೊಂಬೆಗಳಲ್ಲಿ ಮೊಗ್ಗು ಕಟ್ಟುವುದರಿಂದ, ಕತ್ತರಿಸುವುದಿದ್ದರೆ ಹೂ ಮುಗಿದ ಕೂಡಲೇ ಕತ್ತರಿಸಿರಿ.