ಓದುಗರ ಪ್ರಶ್ನೆ: ಸೈಕಲ್ ಬೇರಿಂಗಿನ ಆಯ್ಕೆ ಮತ್ತು ಆರೈಕೆ

ಪ್ರಶ್ನೆ: ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಗೇರ್ ಸೈಕಲಿನ ಹಿಂದಿನ ಚಕ್ರ ಗರಗರ ಸದ್ದು ಮಾಡತೊಡಗಿತು. ಬಿಚ್ಚಿ ನೋಡಿದರೆ ಬೇರಿಂಗಿನ ಮೇಲೆ 6902-2ಆರ್‌ಎಸ್ ಎಂದಿದೆ. ಅಂಗಡಿಯವರು ಅಳತೆ ಒಂದೇ ಎಂದು 6902-ಝಡ್‌ಝಡ್ ಕೊಡುತ್ತಿದ್ದಾರೆ. ಆನ್‌ಲೈನಿನಲ್ಲಿ ಎಬಿಇಸಿ 7 ಮತ್ತು ಸೆರಾಮಿಕ್ ಎಂಬವು ಹಲವು ಪಟ್ಟು ಬೆಲೆಗೆ ಸಿಗುತ್ತಿವೆ. ಯಾವುದನ್ನು ಕೊಳ್ಳಲಿ?
– ಓದುಗರು, ಕುಂದಾಪುರ

ಉತ್ತರ: ಅಂಗಡಿಯವರು ಅಳತೆಯ ಬಗ್ಗೆ ಹೇಳಿದ್ದು ನಿಜ, ಆದರೂ ಅದನ್ನು ಕೊಳ್ಳಬೇಡಿ. ಬೇರಿಂಗಿನ ಸಂಖ್ಯೆ ಅದರ ಅಳತೆಯನ್ನು ಹೇಳಿದರೆ, ಸಂಖ್ಯೆಯ ನಂತರದ ಅಕ್ಷರಗಳು ಅದರ ಬಾಯಿ ಹೇಗೆ ಮುಚ್ಚಿದೆ ಎಂಬುದನ್ನು ಹೇಳುತ್ತವೆ. ಬೇರಿಂಗ್ ಎಂದರೆ ಒಂದರೊಳಗೊಂದು ಕೂತ ಎರಡು ಬಳೆಗಳು, ಅವುಗಳ ನಡುವೆ ಓಡುವ ಗುಂಡುಗಳು. 2ಆರ್‌ಎಸ್ ಎಂದರೆ ಎರಡೂ ಬದಿಗೆ ಒಳಬಳೆಯನ್ನು ತಾಗಿ ಕೂರುವ ರಬ್ಬರ್ ಸೀಲ್ ಇದೆ ಎಂದರ್ಥ. ಝಡ್‌ಝಡ್ ಎಂದರೆ ಇರುವುದು ತಗಡಿನ ಮುಚ್ಚಳ. ಅದು ಒಳಬಳೆಯನ್ನು ತಾಗುವುದಿಲ್ಲವಾದ್ದರಿಂದ ಆ ಸಣ್ಣ ಸಂದಿಯಲ್ಲಿ ನೀರು ಒಳಗಿಳಿಯುತ್ತದೆ. ಧೂಳು ಹೆಚ್ಚಿಲ್ಲದ ಜಾಗದಲ್ಲಿ ತಿರುಗುವ ಮೋಟರಿಗೆ ಅದು ಸಾಕು, ಕರಾವಳಿಯ ಮಳೆಯಲ್ಲಿ ಓಡುವ ಚಕ್ರಕ್ಕೆ ಸಾಲದು.

ಸಂಖ್ಯೆಯನ್ನೂ ಪೂರ್ತಿ ಓದಿಕೊಳ್ಳಬೇಕು. ಕೊನೆಯ ಎರಡು ಅಂಕೆಗಳು ಒಳರಂಧ್ರದ ವ್ಯಾಸವನ್ನು ಸೂಚಿಸುತ್ತವೆ: 00 ಎಂದರೆ 10 ಮಿಲಿಮೀಟರ್, 01 ಎಂದರೆ 12, 02 ಎಂದರೆ 15, 03 ಎಂದರೆ 17, 04ರಿಂದ ಮುಂದಕ್ಕೆ ಆ ಅಂಕೆಯನ್ನು 5ರಿಂದ ಗುಣಿಸಿದರೆ ವ್ಯಾಸ ಸಿಗುತ್ತದೆ. ಹೀಗಾಗಿ 6902 ಮತ್ತು 6802 ಎರಡರ ರಂಧ್ರವೂ 15 ಮಿಲಿಮೀಟರ್. ಆದರೆ ಮೊದಲನೆಯದರ ಹೊರವ್ಯಾಸ 28, ದಪ್ಪ 7 ಮಿಲಿಮೀಟರ್. ಎರಡನೆಯದರ ಹೊರವ್ಯಾಸ 24, ದಪ್ಪ 5. ಸೈಕಲಿಗೆಂದೇ ಮಾಡಿದ 15267ರಂಥವು ಈ ನಿಯಮಕ್ಕೆ ಸೇರುವುದಿಲ್ಲ, ಅವು 15, 26, 7 ಎಂದು ಅಳತೆಯನ್ನೇ ಹೆಸರಾಗಿ ಹೊತ್ತಿರುತ್ತವೆ. ಅಕ್ಷರ ಅಳಿಸಿಹೋಗಿದ್ದರೆ ವರ್ನಿಯರ್ ಕ್ಯಾಲಿಪರಿನಿಂದ ಮೂರೂ ಅಳತೆ ತೆಗೆದುಕೊಂಡು ಹೋಗಿ. 6902 ಸೈಕಲಿಗಷ್ಟೇ ಮೀಸಲಾದ ಅಳತೆಯಲ್ಲ. ಸೈಕಲ್ ಅಂಗಡಿಯಲ್ಲಿ ಸಿಗದಿದ್ದರೆ ಯಂತ್ರಗಳ ಬೇರಿಂಗ್ ಮಾರುವ ಅಂಗಡಿಯಲ್ಲಿ ಹೆಸರುಳ್ಳ ಕಂಪನಿಯದನ್ನೇ ಕೇಳಿ ಪಡೆಯಬಹುದು.

ಎಬಿಇಸಿ ಎಂಬುದು ತಯಾರಿಕೆಯ ಅಳತೆ ಎಷ್ಟು ನಿಖರ ಎಂಬುದರ ದರ್ಜೆ; ಅದು ಬಾಳಿಕೆಯನ್ನಾಗಲಿ ಸೀಲಿನ ಗುಣವನ್ನಾಗಲಿ ಹೇಳುವುದಿಲ್ಲ. ಸುಮಾರು 2.1 ಮೀಟರ್ ಸುತ್ತಳತೆಯ ಚಕ್ರ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ನಿಮಿಷಕ್ಕೆ 240 ಸುತ್ತಿನಷ್ಟು ಮಾತ್ರ ತಿರುಗುತ್ತದೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಯಂತ್ರಕ್ಕೆ ಬೇಕಾದ ನಿಖರತೆಗೆ ಇಲ್ಲಿ ಹಣ ತೆರಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ಸೆರಾಮಿಕ್ ಎಂದು ಮಾರುವ ಹೆಚ್ಚಿನವುಗಳಲ್ಲಿ ಗುಂಡುಗಳು ಮಾತ್ರ ಸೆರಾಮಿಕ್, ಬಳೆಗಳು ಉಕ್ಕಿನವು. ಉಪ್ಪುಗಾಳಿಗೆ ಆ ಬಳೆಗಳು ಎಂದಿನಂತೆ ತುಕ್ಕು ಹಿಡಿಯುತ್ತವೆ.

ಸರಿಯಾದದ್ದನ್ನೇ ಕೊಂಡರೂ ಕೂರಿಸುವಾಗ ಬೇರಿಂಗ್ ಹಾಳಾಗಬಹುದು. ಹಬ್ ಎಂಬ ಚಕ್ರದ ನಡುಭಾಗದೊಳಕ್ಕೆ ಸೇರಿಸುವಾಗ ಒತ್ತಡ ಹೊರಬಳೆಯ ಮೇಲೆ ಮಾತ್ರ ಬೀಳಬೇಕು. ಒಳಬಳೆಯನ್ನು ಒತ್ತಿದರೆ ಆ ಬಲವೆಲ್ಲ ಗುಂಡುಗಳ ಮೂಲಕವೇ ಸಾಗಿ, ಅವು ಓಡುವ ಹಾದಿಯಲ್ಲಿ ಸಣ್ಣ ಸಣ್ಣ ಕುಳಿಗಳನ್ನು ಮೂಡಿಸುತ್ತದೆ; ಹೊಸ ಬೇರಿಂಗ್ ಮೊದಲ ದಿನವೇ ತಡೆತಡೆದು ತಿರುಗುವುದು ಸಾಮಾನ್ಯವಾಗಿ ಇದರಿಂದಲೇ. ಸುತ್ತಿಗೆಯನ್ನು ಬದಿಗಿಟ್ಟು, ಉದ್ದನೆಯ ಬೋಲ್ಟ್, ಎರಡು ನಟ್ ಮತ್ತು ಹೊರಬಳೆಯ ಅಂಚಿಗೆ ಸರಿಹೊಂದುವ ದಪ್ಪ ವಾಷರುಗಳನ್ನು ಬಳಸಿ, ಓರೆಯಾಗದಂತೆ ನಿಧಾನವಾಗಿ ಬಿಗಿಯುತ್ತಾ ಹೋದರೆ ಮನೆಯಲ್ಲಿಯೇ ಚೆನ್ನಾಗಿ ಕೂರಿಸಬಹುದು. ಎರಡನೆಯ ಬೇರಿಂಗನ್ನು ಎರಡರ ನಡುವಿನ ಕೊಳವೆ (ಸ್ಲೀವ್) ಅಥವಾ ಅಚ್ಚಿನ ಮೆಟ್ಟಿಲು ಒಳಬಳೆಗೆ ತಾಗುವಷ್ಟಕ್ಕೇ ನಿಲ್ಲಿಸಬೇಕು, ಇನ್ನೂ ಒತ್ತಿದರೆ ಎರಡೂ ಬೇರಿಂಗುಗಳ ಮೇಲೆ ಅಡ್ಡಭಾರ ಬಿದ್ದು ಚಕ್ರ ಬಿಗಿಯಾಗುತ್ತದೆ. ಹಳೆಯದನ್ನು ಹೊರತೆಗೆಯುವಾಗ ಒಳಬಳೆಗೇ ಹೊಡೆಯಬೇಕಾಗಿ ಬರುವುದರಿಂದ, ಹಾಗೆ ತೆಗೆದದ್ದನ್ನು ಮತ್ತೆ ಹಾಕಬೇಡಿ.

ಪ್ರಶ್ನೆ: ನನ್ನ ಮೌಂಟನ್ ಸೈಕಲಿನ ಹಿಂಬದಿಯ ಸಸ್ಪೆನ್ಷನ್ ಕೀಲುಗಳಿಗೆ ಒಳ್ಳೆಯ 2ಆರ್‌ಎಸ್ ಬೇರಿಂಗ್ ಹಾಕಿಸಿದ್ದೆ. ಒಂದೇ ಮಳೆಗಾಲದಲ್ಲಿ ಅವು ಸಿಕ್ಕಿಕೊಂಡಿವೆ. ಅದೇ ಕಂಪನಿಯ ಚಕ್ರದ ಬೇರಿಂಗುಗಳು ಚೆನ್ನಾಗಿಯೇ ಇವೆ. ಹೀಗೇಕೆ?
– ಓದುಗರು, ಮಡಿಕೇರಿ

ಉತ್ತರ: ಚಕ್ರದ ಬೇರಿಂಗ್ ಸುತ್ತುತ್ತದೆ, ಕೀಲಿನದು ಕೆಲವೇ ಡಿಗ್ರಿಯಷ್ಟು ಹಿಂದೆ ಮುಂದೆ ತೂಗುತ್ತದೆ. ಸುತ್ತುವಾಗ ಗುಂಡುಗಳು ಗ್ರೀಸನ್ನು ಹಾದಿಯುದ್ದಕ್ಕೂ ಮತ್ತೆ ಮತ್ತೆ ಹರಡುತ್ತವೆ. ತೂಗುವಾಗ ಅದೇ ಗುಂಡುಗಳು ಅದೇ ಜಾಗದಲ್ಲಿ ಉಜ್ಜುತ್ತಾ ಅಲ್ಲಿನ ಗ್ರೀಸನ್ನು ಪಕ್ಕಕ್ಕೆ ಸರಿಸಿಬಿಡುತ್ತವೆ. ಬರಿದಾದ ಲೋಹದ ಮೇಲೆ ತಗ್ಗು ಬೀಳುತ್ತದೆ, ಅಲ್ಲಿ ನೀರು ಸೇರಿದರೆ ತುಕ್ಕು ಬೇಗ ಹಿಡಿಯುತ್ತದೆ. ಆದ್ದರಿಂದ ಕೀಲಿಗೆ ಕೇಜ್ (ಗುಂಡುಗಳನ್ನು ಬೇರೆ ಬೇರೆಯಾಗಿ ಹಿಡಿದಿಡುವ ಚೌಕಟ್ಟು) ಇಲ್ಲದ, ಬಳೆಯ ತುಂಬ ಗುಂಡುಗಳಿರುವ ಬಗೆಯನ್ನು ಆರಿಸಿಕೊಳ್ಳಿ. ಕೆಲವು ಕಂಪನಿಗಳು ಇದರ ಸಂಖ್ಯೆಯ ಜೊತೆಗೆ ಮ್ಯಾಕ್ಸ್ ಎಂದು ಬರೆದಿರುತ್ತವೆ. ಗುಂಡುಗಳು ಹೆಚ್ಚಿರುವುದರಿಂದ ಭಾರ ಹಂಚಿಹೋಗುತ್ತದೆ. ಅವು ಒಂದಕ್ಕೊಂದು ಉಜ್ಜಿಕೊಳ್ಳುವುದರಿಂದ ಚಕ್ರಕ್ಕೆ ಈ ಬಗೆ ಹೊಂದುವುದಿಲ್ಲ, ನಿಧಾನವಾಗಿ ತೂಗುವ ಕೀಲಿಗೆ ಅದು ತೊಂದರೆಯಲ್ಲ.

ಹೊಸ ಬೇರಿಂಗಿನ ಸೀಲನ್ನು ಒಳಬಳೆಯ ಕಡೆಯಿಂದ ತೆಳು ಸೂಜಿಯಲ್ಲಿ ಮೃದುವಾಗಿ ಎಬ್ಬಿಸಿ, ನೀರಿಗೆ ಜಗ್ಗದ ಗ್ರೀಸನ್ನು ಪೂರ್ತಿ ತುಂಬಿ ಮುಚ್ಚಿ. ಚಕ್ರದ ಬೇರಿಂಗಿಗಾದರೆ ಒಳಜಾಗದ ಮೂರನೇ ಒಂದರಿಂದ ಅರ್ಧದಷ್ಟು ಗ್ರೀಸ್ ಸಾಕು. ಒಳಗೆ ಮೊದಲೇ ಇರುವ ಗ್ರೀಸ್ ಯಾವ ಜಾತಿಯದೆಂದು ತಿಳಿಯದಿದ್ದರೆ ತೊಳೆದು ಒಣಗಿಸಿಯೇ ಹೊಸದನ್ನು ಹಾಕಿ, ಏಕೆಂದರೆ ಹೊಂದದ ಗ್ರೀಸುಗಳು ಬೆರೆತರೆ ನೀರಾಗಿ ಸೋರಿಹೋಗಬಹುದು. ಸರ್ವೀಸ್ ಸ್ಟೇಷನ್ನಿನ ಒತ್ತಡದ ನೀರನ್ನು ಕೀಲುಗಳ ಕಡೆ ಹಾಯಿಸಲು ದಯವಿಟ್ಟು ಬಿಡಬೇಡಿ.

ಪ್ರಶ್ನೆ: ತಂದೆಯವರ ಹಳೆಯ ಕಪ್ಪು ಸೈಕಲಿನ ಮುಂದಿನ ಚಕ್ರಕ್ಕೆ ಹೊಸ ಬಾಲ್ಸ್ ಹಾಕಿಸಿದರೂ ಒರಟುತನ ಹೋಗಿಲ್ಲ.
– ಓದುಗರು, ದಾವಣಗೆರೆ

ಉತ್ತರ: ಕೋನ್ ನೋಡಿ, ಅಂದರೆ ಅಚ್ಚಿನ ಮೇಲೆ ತಿರುಗಿಸಿ ಕೂರಿಸುವ, ಗುಂಡುಗಳು ತಾಗಿ ಓಡುವ ಶಂಕುವಿನಾಕಾರದ ಭಾಗ. ಗುಂಡು ಓಡಿದ ಪಟ್ಟಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಲೋಹ ಎದ್ದಿದ್ದರೆ ಕೋನನ್ನೇ ಬದಲಿಸಬೇಕು, ಇಲ್ಲವಾದರೆ ಅದು ಹೊಸ ಗುಂಡುಗಳನ್ನೂ ಕೆಡಿಸುತ್ತದೆ. ಹಬ್ಬಿನೊಳಗೆ ಗುಂಡುಗಳು ಕೂರುವ ಬಟ್ಟಲಿನಲ್ಲಿಯೂ (ಕಪ್) ಹಾಗೆ ಆಗಿದ್ದರೆ ಹಬ್ ಬದಲಿಸುವುದೇ ದಾರಿ. ಮುಂದಿನ ಚಕ್ರಕ್ಕೆ ಸಾಮಾನ್ಯವಾಗಿ 3/16 ಇಂಚಿನ ಗುಂಡುಗಳು ಬದಿಗೆ 10ರಂತೆ, ಹಿಂದಿನದಕ್ಕೆ 1/4 ಇಂಚಿನವು ಬದಿಗೆ 9ರಂತೆ ಬೇಕಾಗುತ್ತವೆ. ಹಳೆಯವನ್ನೂ ಹೊಸವನ್ನೂ ಬೆರೆಸಬಾರದು. ಕೂದಲೆಳೆಯಷ್ಟು ದೊಡ್ಡದಾದ ಗುಂಡು ಉಳಿದವುಗಳ ಭಾರವನ್ನೂ ಹೊರಬೇಕಾಗುತ್ತದೆ. ಕೋನನ್ನು ಬಿಗಿಮಾಡಿ, ಅದು ತಿರುಗದಂತೆ ಸ್ಪ್ಯಾನರಿನಲ್ಲಿ ಹಿಡಿದು ಕೋನ್ ಸಡಿಲವಾಗದಂತೆ ತಡೆಯುವ ಚೆಕ್ ನಟ್ ಬಿಗಿಯಿರಿ. ಆಮೇಲೆ ಚಕ್ರವನ್ನು ಫೋರ್ಕಿಗೆ ಸೇರಿಸಿ ಎತ್ತಿಹಿಡಿದು, ಟ್ಯೂಬಿನ ವಾಲ್ವನ್ನು ಪಕ್ಕಕ್ಕೆ ತಂದು ಬಿಡಿ. ರಿಮ್ಮನ್ನು ಅಲುಗಿಸಿದಾಗ ಆಟವಿರದೆ, ವಾಲ್ವ್ ತನ್ನ ಭಾರಕ್ಕೆ ತಾನೇ ಕೆಳಕ್ಕಿಳಿದು ತೂಗಾಡಿ ನಿಂತರೆ ಬಿಗಿ ಸರಿಯಾಗಿದೆ.